ಹೀರೋಯಿನ್ ತಲೆ, ಬಣ್ಣದ ಒತ್ತು

ಕನ್ನಡದಲ್ಲಿ ಸಿನಿಮಾ ಪತ್ರಿಕೆಯ ಮುಖಪುಟ ಮಾಡಲು ಕೂತರೆ ಮೊದಲು ತಕರಾರು ತೆಗೆಯುವುದು ಒತ್ತಕ್ಷರ. ಹೀರೋಯಿನ್ ತಕರಾರು ಆಮೇಲೆ. ಪುಟ ಕಟ್ಟುವ ಕೆಲಸದಲ್ಲಿರುವ ನಮಗೆಲ್ಲ ಇದು ಗೊತ್ತಿರುವ ಸಂಗತಿಯೇ. ಗೊತ್ತಿದೆ ಅಂತಲೇ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪಠ್ಯದಲ್ಲಂತೂ ಇರುವುದಿಲ್ಲ. ಹಾಗಾಗಿ ಕಾಲೇಜು ಹುಡುಗರಿಗೆ ಇದು ತಾವಾಗಿಯೇ ಎಡವಿ ಕಲಿಯಬೇಕಾದ ಪಾಠವಾಗಿಬಿಡುತ್ತದೆ.

ನನ್ನ ಅಕ್ಕನ ಮಗಳು ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ. ಪ್ರಾಯೋಗಿಕ ಪತ್ರಿಕೆ ತರುವುದು ಹೆಚ್ಚಿನ ಪತ್ರಿಕೋದ್ಯಮ ವಿಭಾಗಗಳಲ್ಲಿ ಇದ್ದದ್ದೇ. ಈ ಸಲ ಅವಳ ತಂಡಕ್ಕೆ ಸಿಕ್ಕಿದ್ದು ಸ್ವಲ್ಪ ಬೇರೆ ಥರದ ಕೆಲಸ. ಇಲ್ಲದ ಒಂದು ಸಿನಿಮಾ ಕಲ್ಪಿಸಿಕೊಳ್ಳಬೇಕು. ಅದಕ್ಕೊಂದು ಪುಟ್ಟ ಟ್ರೇಲರ್, ಒಂದು ಪೋಸ್ಟರ್ ಮಾಡಬೇಕು. ಜೊತೆಗೆ ಆ ಸಿನಿಮಾವನ್ನು ಮುಖಪುಟದಲ್ಲಿ ಹಾಕಿಕೊಂಡ ಒಂದು ಸಿನಿಮಾ ಮಾಸಪತ್ರಿಕೆಯ ಕವರ್. ಅವರ ಕಥೆ ಚೆನ್ನಾಗಿತ್ತು. ಮಲೆನಾಡಿನ ಹಳ್ಳಿಯಲ್ಲಿ ಅಂಚೆ ಹಂಚುವ ಹುಡುಗಿ, ಸತ್ತು ಎಷ್ಟೋ ವರ್ಷವಾದ ಮನುಷ್ಯನ ಹೆಸರಿಗೆ ತಿಂಗಳು ತಿಂಗಳೂ ಬರುವ ಕಾಗದ. ಬರೆಯುತ್ತಿರುವವರು ಯಾರು ಅನ್ನುವುದೇ ಸಸ್ಪೆನ್ಸ್. ಹೀರೋಯಿನ್ ಆಗಿದ್ದು ಅವರದೇ ಕ್ಲಾಸಿನ ಹುಡುಗಿ. ನಾಟಕದ ಗೀಳು ಇರುವವಳು, ಖಾಕಿ ಅಂಗಿ ಹಾಕಿ ಚೀಲ ನೇತುಹಾಕಿಕೊಂಡರೆ ನಿಜವಾದ ಅಂಚೆಯವಳೇ ಅನ್ನಬೇಕು.

ಟ್ರೇಲರ್ ಮುಗಿಯಿತು, ಪೋಸ್ಟರ್ ಮುಗಿಯಿತು. ಕವರ್ ಹತ್ತಿರ ಬಂದಾಗ ಫೋನ್ ಬಂತು. "ಚಿಕ್ಕಮ್ಮ, ನೀನು ದಿನಾ ಮಾಡೋ ಕೆಲ್ಸಾನೇ ಅಲ್ವಾ, ಒಂದ್ಸಲ ನೋಡು." ಜೊತೆಗೆ ಇಂಗ್ಲಿಷಿನಲ್ಲಿರುವ ಒಂದು ಪಟ್ಟಿಯೂ ಬಂತು. ಮಾಸ್ಟ್‌ಹೆಡ್, ಅಂದರೆ ದೊಡ್ಡದಾಗಿ ಪತ್ರಿಕೆಯ ಹೆಸರು, ಅದರ ಮೇಲೆ ಸ್ಕೈಲೈನ್ ಅನ್ನುವ ಬರಹದ ಪಟ್ಟೆ, ಒಂದು ಮುಖ್ಯ ಚಿತ್ರ, ಎಡಗಡೆ ಕವರ್‌ಲೈನ್‌ಗಳು, ಅಂದರೆ ಒಳಗೆ ಏನಿದೆ ಅಂತ ಹೇಳುವ ಸಾಲುಗಳು, ಮೂಲೆಯಲ್ಲಿ ಗುಂಡಗೆ ಪಫ್ ಅನ್ನುವ ಬಿಲ್ಲೆ, ಕೆಳಗೆ ಬಾರ್‌ಕೋಡ್. ಎಲ್ಲದರ ಮುಂದೆ ಟಿಕ್ ಹಾಕಲು ಚೌಕ.

ಈ ಪಟ್ಟಿ ಎಲ್ಲಿಂದ ಬಂದಿರಬಹುದು ಅಂತ ನೋಡಿದ ತಕ್ಷಣ ಗೊತ್ತಾಯಿತು. ಇಂಗ್ಲೆಂಡಿನಲ್ಲಿ ಎ-ಲೆವೆಲ್ ಹಂತದಲ್ಲೇ ಮೀಡಿಯಾ ಸ್ಟಡೀಸ್ ಅನ್ನುವ ವಿಷಯ ಇದೆ, ನಮ್ಮ ಪಿಯುಸಿ ವಯಸ್ಸಿನವರಿಗೆ. ಅಲ್ಲಿನ ಓ.ಸಿ.ಆರ್. ಅನ್ನುವ ಪರೀಕ್ಷಾ ಮಂಡಳಿ ಬಹಳ ವರ್ಷ ಇಂಥದ್ದೇ ಕೆಲಸ ಕೊಡುತ್ತಿತ್ತು. ಹೊಸ ಸಿನಿಮಾದ ಟ್ರೇಲರ್ ಮಾಡಿ, ಜೊತೆಗೆ ಪೋಸ್ಟರ್, ವೆಬ್‌ಸೈಟಿನ ಮೊದಲ ಪುಟ, ಸಿನಿಮಾ ಪತ್ರಿಕೆಯ ಕವರ್ ಈ ಮೂರರಲ್ಲಿ ಎರಡು ಮಾಡಿ ಅಂತ. ಸಾವಿರಾರು ಮಕ್ಕಳು ಮಾಡಿದ್ದಾರೆ, ಮಾಡಿದ್ದನ್ನೆಲ್ಲ ವಿವರವಾಗಿ ಬರೆದು ನೆಟ್‌ನಲ್ಲಿ ಹಾಕಿದ್ದಾರೆ. ಅವರ ಕಣ್ಣಮುಂದೆ ಇದ್ದದ್ದು ಎಂಪೈರ್, ಟೋಟಲ್ ಫಿಲ್ಮ್ ಥರದ ಪತ್ರಿಕೆಗಳು. ಎಂಪೈರ್ ಶುರುವಾಗಿದ್ದು 1989ರಲ್ಲಿ, ಟೋಟಲ್ ಫಿಲ್ಮ್ 1997ರಲ್ಲಿ. ಆ ಎರಡರ ಕವರ್ ಬಿಚ್ಚಿ ನೋಡಿ ಮಾಡಿದ ಪಟ್ಟಿಯೇ ಈಗ ಲೋಕಕ್ಕೆಲ್ಲ ಪಾಠವಾಗಿದೆ. ಮೈಸೂರಿನ ಹುಡುಗಿ ಸರ್ಚ್ ಮಾಡಿದರೂ ಅದೇ ಬರುತ್ತದೆ.

ಪಟ್ಟಿ ಕೆಟ್ಟದ್ದೇನಲ್ಲ. ಆದರೆ ಅದರ ಒಂದೊಂದು ನಿಯಮದ ಹಿಂದೆಯೂ ಒಂದು ಊರಿದೆ, ಒಂದು ಅಂಗಡಿ ಇದೆ, ಒಂದು ಲಿಪಿ ಇದೆ. ಕವರ್‌ಲೈನ್ ಎಡಗಡೆ ಯಾಕಿರಬೇಕು? ಅಲ್ಲಿನ ಅಂಗಡಿಗಳ ಶೆಲ್ಫಿನಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಬರುವಂತೆ ಅಡ್ಡಡ್ಡ ಜೋಡಿಸುತ್ತಾರೆ. ಕಾಣುವುದು ಎಡಗಡೆಯ ಒಂದು ಪಾಲು ಮಾತ್ರ. ಮಾರಬೇಕಾದ ಮಾತೆಲ್ಲ ಅಲ್ಲೇ ಇರಬೇಕು. ಸರಿ. ಈಗ ನಮ್ಮ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿ ನೆನಪಿಸಿಕೊಳ್ಳಿ. ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿರುತ್ತಾರೆ. ಇಲ್ಲವಾದರೆ ಇಳಿಜಾರು ಹಲಗೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ, ಮೇಲಿನದರ ಹೊಟ್ಟೆ ಕೆಳಗಿನದು ಮುಚ್ಚುವಂತೆ ಜೋಡಿಸಿರುತ್ತಾರೆ. ಕಾಣುವುದು ತಲೆಭಾಗ. ಎಡವೋ ಬಲವೋ ಯಾರೂ ಕೇಳುವುದಿಲ್ಲ, ಹೆಸರು ಕಾಣಬೇಕು, ಮುಖ ಕಾಣಬೇಕು, ಅಷ್ಟೇ.

ಇದನ್ನು ಹೇಳಿದಾಗ ಅವಳು ಒಪ್ಪಲಿಲ್ಲ. "ಮೇಡಮ್ ಪಟ್ಟಿ ಹಿಡ್ಕೊಂಡೇ ಅಂಕ ಕೊಡೋದು" ಅಂದಳು. ಅದೂ ನಿಜ. ಸರಿ, ಪಟ್ಟಿಯ ಪ್ರಕಾರವೇ ಮಾಡಿ ಕಳಿಸು ನೋಡೋಣ ಅಂದೆ.

ಪತ್ರಿಕೆಗೆ ಅವರು ಇಟ್ಟ ಹೆಸರು 'ಬಣ್ಣ'. ಒಳ್ಳೆಯ ಹೆಸರು. ಬಣ್ಣ ಹಚ್ಚುವವರ ಬಗೆಗಿನ ಪತ್ರಿಕೆ, ಎರಡೇ ಅಕ್ಷರ. ಎರಡೇ ಅಕ್ಷರ ಅಂದರೆ ಪುಟದ ಅಗಲಕ್ಕೂ ಹರಡುವಷ್ಟು ದೊಡ್ಡದಾಗಿ ಹಾಕಬಹುದು. ಸ್ಕ್ರೀನಿನ ಮೇಲೆ ದೊಡ್ಡದು ಮಾಡಿ ನೋಡಿದಾಗ ಇನ್ನೊಂದು ಮಜಾ ಕಂಡಿತು. ಕನ್ನಡದ ಬಹುತೇಕ ಅಕ್ಷರಗಳಿಗೆ ತಲೆಕಟ್ಟು ಇರುತ್ತದೆ. ಕ, ಗ, ತ, ನ, ರ ಎಲ್ಲದರ ನೆತ್ತಿಯ ಮೇಲೆ ಆ ಚಿಕ್ಕ ಗೀಟು. ಬ ಮತ್ತು ಣ ಎರಡಕ್ಕೂ ತಲೆಕಟ್ಟಿಲ್ಲ. ಹಾಗಾಗಿ ಈ ಹೆಸರಿಗೆ ಮೇಲೆ ನೇರವಾದ ಗೆರೆ ಅನ್ನುವುದೇ ಇಲ್ಲ, ಎಲ್ಲ ಗುಂಡು ಗುಂಡು. ಅದರ ಮೇಲೆ ಪಟ್ಟಿಯಲ್ಲಿ ಹೇಳಿದ ಹಾಗೆ ಉದ್ದಕ್ಕೂ ಸ್ಕೈಲೈನ್ ಪಟ್ಟೆ ಎಳೆದರೆ ಅಕ್ಷರಕ್ಕೂ ಪಟ್ಟೆಗೂ ನಡುವೆ ಎಲ್ಲೆಲ್ಲೋ ಸಂದು ಉಳಿಯುತ್ತದೆ. ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳ ಹೆಸರಾದರೆ ಮೇಲೂ ಕೆಳಗೂ ದಾರ ಹಿಡಿದ ಹಾಗೆ ಸಮ ಇರುತ್ತದೆ, ಪಟ್ಟೆ ಅಂಟಿಕೊಂಡು ಕೂರುತ್ತದೆ. ನಮ್ಮದು ಕೂರುವುದಿಲ್ಲ. ಪಟ್ಟೆ ತೆಗೆಸಿದೆ. ಮೊದಲ ಟಿಕ್ಕು ಹೋಯಿತು.

ಆಮೇಲೆ ಫೋಟೊ. ಸಿನಿಮಾ ಪತ್ರಿಕೆಗಳಲ್ಲಿ ತಾರೆಯ ತಲೆ ಪತ್ರಿಕೆಯ ಹೆಸರಿನ ಮೇಲೆ ಸ್ವಲ್ಪ ಬರುವ ಹಾಗೆ ಇಡುವುದು ಹಳೆಯ ರೂಢಿ. ಹೆಸರು ಹಿಂದೆ, ಮುಖ ಮುಂದೆ. ಅದರಿಂದ ಪುಟಕ್ಕೆ ಆಳ ಬರುತ್ತದೆ, ತಾರೆ ಪುಟದಿಂದ ಆಚೆ ಬಂದ ಹಾಗೆ ಕಾಣುತ್ತಾಳೆ. ಪಟ್ಟಿಯಲ್ಲೂ ಅದಿತ್ತು. ಇವರು ಕವರ್‌ಲೈನ್ ಎಡಕ್ಕೆ ಹಾಕಿದ್ದರಿಂದ ಹುಡುಗಿಯನ್ನು ಬಲಕ್ಕೆ ನಿಲ್ಲಿಸಿದ್ದರು. ಅವಳ ತಲೆ ನೇರವಾಗಿ ಹೋಗಿ ಣ್ಣ ಮೇಲೆ ಕೂತಿತ್ತು. ಣಕಾರ ಮುಕ್ಕಾಲು ಕಾಣುತ್ತಿತ್ತು. ಅದರ ಬಲಗಡೆ ಕೆಳಗೆ ನೇತಾಡಬೇಕಾದ ಒತ್ತು ಮಾತ್ರ ಕೂದಲಿನ ಹಿಂದೆ ಪೂರ್ತಿ ಮಾಯ.

ಉಳಿದದ್ದು ಏನು? 'ಬಣ'.

ನಾನು ನಗಲು ಶುರುಮಾಡಿದೆ. ಕನ್ನಡ ಪೇಪರಿನಲ್ಲಿ ಕೆಲಸ ಮಾಡುವವರಿಗೆ ಬಣ ಅಂದರೆ ದಿನಾ ಬೆಳಗ್ಗೆ ಶೀರ್ಷಿಕೆಯಲ್ಲಿ ಕೂರಿಸುವ ಪದ. ಅವರ ಬಣ, ಇವರ ಬಣ, ಬಂಡಾಯ ಬಣ. ಸಿನಿಮಾ ಪತ್ರಿಕೆ ಹೋಗಿ ರಾಜಕೀಯ ವಾರಪತ್ರಿಕೆ ಆಗಿತ್ತು. ಖಾಕಿ ಅಂಗಿ ಹಾಕಿಕೊಂಡ ಹುಡುಗಿ ಬೇರೆ, ಯಾವುದೋ ಬಣದ ನಾಯಕಿ ಅಂತಲೇ ಓದಿಕೊಳ್ಳಬಹುದಿತ್ತು.

ಇಂಗ್ಲಿಷಿನಲ್ಲಿ ಈ ಕಷ್ಟ ಇಲ್ಲ. ಆರಕ್ಷರದ ಹೆಸರಿನಲ್ಲಿ ನಡುವೆ ಎರಡಕ್ಷರ ತಲೆಯ ಹಿಂದೆ ಹೋದರೂ ಉಳಿದ ನಾಲ್ಕರಿಂದ ಓದಿಕೊಳ್ಳಬಹುದು. ಎಷ್ಟೋ ವರ್ಷದಿಂದ ನೋಡಿದ ಹೆಸರಾದರಂತೂ ಅರ್ಧ ಕಂಡರೂ ಸಾಕು. ಕನ್ನಡದಲ್ಲಿ ಹೆಸರಿನ ಅರ್ಥ ಹಿಡಿದಿಟ್ಟ ಭಾಗಗಳು ಅಕ್ಷರದ ಅಂಚಿನಲ್ಲಿರುತ್ತವೆ. ಗುಡಿಸು, ಏತ್ವ ಎಲ್ಲ ಮೇಲೆ. ಕೊಂಬು ಪಕ್ಕಕ್ಕೆ. ಒತ್ತು ಕೆಳಗೆ. ತಲೆ ಬರುವುದು ಕೆಳಗಿನಿಂದ ಮೇಲಕ್ಕೆ, ಹಾಗಾಗಿ ಮೊದಲು ಬಲಿಯಾಗುವುದು ಒತ್ತು. 'ಚಿತ್ರ' ಅಂತ ಹೆಸರಿಟ್ಟಿದ್ದರೆ 'ಚಿತ' ಆಗುತ್ತಿತ್ತು. 'ಬೆಳ್ಳಿ' ಹೋಗಿ 'ಬೆಳಿ' ಆಗುತ್ತಿತ್ತು. ಅದರ ಜೊತೆಗೆ ಹೊಸ ಪತ್ರಿಕೆ, ಓದುಗರಿಗೆ ಹೆಸರಿನ ಆಕಾರವೇ ಗೊತ್ತಿಲ್ಲ. ಊಹಿಸಿ ಓದಿಕೊಳ್ಳಿ ಅನ್ನುವ ಹಾಗೂ ಇಲ್ಲ.

"ಹಂಗಾದ್ರೆ ಫೋಟೊ ಫ್ಲಿಪ್ ಮಾಡ್ತೀನಿ ಬಿಡು, ಎಡಗಡೆ ಬರ್ತಾಳೆ" ಅಂದಳು. ಮಾಡಿದಳೂ. ಹುಡುಗಿ ಎಡಕ್ಕೆ ಬಂದಳು, ಒತ್ತು ಬಚಾವಾಯಿತು. ಆದರೆ ಕೈಯಲ್ಲಿದ್ದ ಲಕೋಟೆಯ ಮೇಲಿನ ವಿಳಾಸ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿತ್ತು. ಅಂಗಿಯ ಗುಂಡಿಯ ಪಟ್ಟಿ ಅದಲುಬದಲಾಗಿತ್ತು. ಇಡೀ ಕಥೆ ನಿಂತಿರುವುದೇ ಆ ವಿಳಾಸದ ಮೇಲೆ, ಅದನ್ನೇ ತಲೆಕೆಳಗು ಮಾಡಿದರೆ ಹೇಗೆ? ಇನ್ನೊಮ್ಮೆ ಫೋಟೊ ತೆಗೆಯದೆ ಬೇರೆ ದಾರಿ ಇರಲಿಲ್ಲ. ಸೀರೆ ಉಟ್ಟ ತಾರೆಯನ್ನು ಫ್ಲಿಪ್ ಮಾಡಿ ಸೆರಗು ಬೇರೆ ಹೆಗಲಿಗೆ ಹೋದ ಫೋಟೊಗಳನ್ನು ಪುರವಣಿಗಳಲ್ಲಿ ನೀವೂ ನೋಡಿರುತ್ತೀರಿ. ಓದುಗರು ಬಿಡುವುದಿಲ್ಲ, ಫೋನ್ ಮಾಡಿ ಬೈಯುತ್ತಾರೆ.

ಈ ವಿಷಯದಲ್ಲಿ ಹಳೆಯ ಕಾಲದ ಚಿತ್ರಕಾರರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. 1935ರಲ್ಲಿ ಬಾಬುರಾವ್ ಪಟೇಲ್ ಮುಂಬೈನಲ್ಲಿ ಶುರುಮಾಡಿದ ಫಿಲ್ಮ್‌ಇಂಡಿಯಾ ಪತ್ರಿಕೆಯ ಕವರ್‌ಗಳು ಕೈಯಲ್ಲಿ ಬಿಡಿಸಿದವು. ಅವನ್ನು ಬರೆದವರಲ್ಲಿ ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರೂ ಒಬ್ಬರು. 1916ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಪಂಡಿತರನ್ನು ಹೆಚ್ಚಿನವರು ನೆನೆಯುವುದು ಕ್ಯಾಲೆಂಡರಿನ ದೇವರ ಚಿತ್ರಗಳಿಗೆ, ಪುರಾಣದ ಚಿತ್ರಗಳಿಗೆ. ಆದರೆ ಮುಂಬೈ ಸಿನಿಮಾದ ಪೋಸ್ಟರು, ಕವರುಗಳಲ್ಲಿ ಅವರ ಕೈ ದೊಡ್ಡದು. ಬಣ್ಣ ಹಚ್ಚಿ ಬರೆಯುವವರಿಗೆ ಏನು ಸುಖ ನೋಡಿ. ಹೆಸರು ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತು, ಅಲ್ಲಿ ಜಾಗ ಬಿಟ್ಟೇ ಮುಖ ಬರೆಯಬಹುದು. ತಲೆ ಅರ್ಧ ಇಂಚು ಆಚೆ ಬೇಕೆಂದರೆ ಆಚೆ. ಹೂವು ಅಡ್ಡ ಬಂದರೆ ಹೂವೇ ಇಲ್ಲ.

1952ರ ಮಾರ್ಚ್ 7ರಂದು ಫಿಲ್ಮ್‌ಫೇರ್‌ನ ಮೊದಲ ಸಂಚಿಕೆ ಬಂತು. ಮುಖಪುಟದಲ್ಲಿ ಇದ್ದವರು ಕಾಮಿನಿ ಕೌಶಲ್. ಆಮೇಲಾಮೇಲೆ ಎಲ್ಲ ಕಡೆ ಕುಂಚ ಹಿಂದೆ ಸರಿದು ಕ್ಯಾಮೆರಾ ಮುಂದೆ ಬಂತು. ನಮ್ಮಲ್ಲಿ ವಿಜಯಚಿತ್ರ, ರೂಪತಾರಾ ನೋಡಿ ಬೆಳೆದವರಿಗೆ ಕವರ್ ಅಂದರೆ ಹೊಳೆಯುವ ಕಾಗದದ ಮೇಲಿನ ಬಣ್ಣದ ಫೋಟೊ. ಕಟಿಂಗ್ ಶಾಪಿನ ಕನ್ನಡಿಯ ಮೇಲೆ ಸಾಲಾಗಿ ಅಂಟಿಸಿರುತ್ತಿದ್ದರಲ್ಲ, ರಾಜ್‌ಕುಮಾರ್, ವಿಷ್ಣುವರ್ಧನ್, ಶಂಕರ್‌ನಾಗ್. ಪತ್ರಿಕೆಯ ಹೆಸರನ್ನು ಕತ್ತರಿಸಿ ಬಿಸಾಕಿ ಮುಖ ಮಾತ್ರ ಉಳಿಸಿಕೊಳ್ಳುತ್ತಿದ್ದರು. ತಲೆ ಹೆಸರಿನ ಮೇಲೆ ಬಂದಿದ್ದರೆ ಕತ್ತರಿಸುವವನಿಗೆ ಕಷ್ಟ, ಕೂದಲಿನ ಸುತ್ತ ಅಕ್ಷರದ ತುಂಡು ಉಳಿದುಬಿಡುತ್ತಿತ್ತು.

ಕುಂಚದಲ್ಲಿ ಬಿಡಿಸಿದ ಚಿತ್ರದ ಹಾಗಲ್ಲ ಫೋಟೊ. ತೆಗೆಯುವಾಗಲೇ ಹೆಸರಿಗೆ ಜಾಗ ಬಿಟ್ಟು ತೆಗೆಯದಿದ್ದರೆ ಆಮೇಲೆ ಜಾಗ ಹುಟ್ಟುವುದಿಲ್ಲ. ಮಕ್ಕಳು ಮೊದಲು ತೆಗೆದ ಫೋಟೊಗಳಲ್ಲಿ ತಲೆಯ ಮೇಲೆ ಎರಡು ಬೆರಳಷ್ಟೂ ಜಾಗ ಇರಲಿಲ್ಲ. ಮೊಬೈಲಿನಲ್ಲಿ ಮುಖ ತುಂಬ ತುಂಬಿಸಿ ತೆಗೆದು ತೆಗೆದು ಅಭ್ಯಾಸ. ಕವರಿಗೆ ತೆಗೆಯುವಾಗ ಕ್ಯಾಮೆರಾದವರು ಎರಡು ಹೆಜ್ಜೆ ಹಿಂದೆ ಹೋಗಬೇಕು, ಫೋನು ಉದ್ದಕ್ಕೆ ಹಿಡಿಯಬೇಕು, ಮೇಲಿನ ಕಾಲುಭಾಗ ಖಾಲಿ ಗೋಡೆಯೋ ಆಕಾಶವೋ ಇರಬೇಕು. ಕಾಲೇಜಿನ ಕಾರಿಡಾರಿನಲ್ಲಿ ಒಂದು ಕಡೆಯಿಂದ ಬೆಳಕು ಬೀಳುವ ಜಾಗ ಹುಡುಕಿ ತೆಗೆಯಲು ಹೇಳಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದರೆ ಕಣ್ಣಿನ ಕೆಳಗೆಲ್ಲ ಕಪ್ಪು.

ಮುಖದ ಭಾವದ್ದು ಇನ್ನೊಂದು ಕಥೆ. ಮೊದಲ ಸುತ್ತಿನಲ್ಲಿ ಹುಡುಗಿ ನಗುತ್ತ ನಿಂತಿದ್ದಳು, ಅಂಚೆ ಇಲಾಖೆಯ ಜಾಹೀರಾತಿನ ಹಾಗೆ. ಸಸ್ಪೆನ್ಸ್ ಸಿನಿಮಾ ಅಂತ ಯಾರಿಗೆ ಗೊತ್ತಾಗಬೇಕು? ಹಾಗಂತ ಗಾಬರಿ ಬಿದ್ದ ಮುಖವೂ ಬೇಡ, ಅದು ಪೋಸ್ಟರಿನ ಕೆಲಸ. ಪೋಸ್ಟರ್ ಸಿನಿಮಾದ ಪಾತ್ರವನ್ನು ತೋರಿಸುತ್ತದೆ. ಪತ್ರಿಕೆಯ ಕವರಿನಲ್ಲಿ ಪಾತ್ರವೂ ಇರಬೇಕು, ಆ ಪಾತ್ರ ಮಾಡಿದ ನಟಿಯೂ ಇರಬೇಕು. ಓದುಗ ದುಡ್ಡು ಕೊಡುವುದು ಆ ನಟಿಯ ಮಾತು ಒಳಗೆ ಇದೆ ಅಂತ. ಅದಕ್ಕೇ ಕಣ್ಣು ನೇರ ಲೆನ್ಸ್ ನೋಡಬೇಕು. ಕೊನೆಗೆ ಉಳಿಸಿಕೊಂಡ ಫೋಟೊದಲ್ಲಿ ಅವಳು ಮೈ ಸ್ವಲ್ಪ ತಿರುಗಿಸಿ, ಲಕೋಟೆಯನ್ನು ಎದೆಗೆ ಒತ್ತಿಕೊಂಡು ನೇರ ನೋಡುತ್ತಿದ್ದಾಳೆ. ವಿಳಾಸದ ಮೇಲೆ ಅವಳ ಹೆಬ್ಬೆರಳು ಇದೆ. ಹೆಸರು ಅರ್ಧ ಕಾಣುತ್ತದೆ, ಅರ್ಧ ಇಲ್ಲ. ಹಾಗೆ ಹಿಡಿಯಲು ಯಾರೂ ಹೇಳಿರಲಿಲ್ಲ, ನಾಟಕದ ಹುಡುಗಿ ತಾನೇ ಹಿಡಿದಿದ್ದು. ನನಗೆ ಇಡೀ ಕವರಿನಲ್ಲಿ ಇಷ್ಟವಾದದ್ದು ಆ ಹೆಬ್ಬೆರಳು.

ಫೋಟೊ ನನಗೆ ವಾಟ್ಸಾಪಿನಲ್ಲಿ ಬಂತು. ಅಲ್ಲೇ ಇನ್ನೊಂದು ಪಾಠ. ಎ4 ಪುಟ ಅಂದರೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಚೆನ್ನಾಗಿ ಪ್ರಿಂಟ್ ಆಗಬೇಕೆಂದರೆ 2480 ಅಡ್ಡ, 3508 ಉದ್ದ ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಫೋಟೊವನ್ನು ಹಿಂಡಿ ಇದರ ಅರ್ಧಕ್ಕೂ ಕಡಿಮೆ ಮಾಡಿ ತಲುಪಿಸುತ್ತದೆ. ಫೋನಿನಲ್ಲಿ ಚೆಂದವೇ ಕಾಣುತ್ತದೆ, ಕಾಗದದ ಮೇಲೆ ಮುಖ ಮಸುಕು. ಡಾಕ್ಯುಮೆಂಟ್ ಅಂತ ಸೇರಿಸಿ ಕಳಿಸಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ಈ ಒಂದು ಮಾತು ಗೊತ್ತಿದ್ದರೆ ಪತ್ರಿಕಾ ಕಚೇರಿಗಳ ಅರ್ಧ ಜಗಳ ಕಡಿಮೆಯಾಗುತ್ತದೆ. ಊರೂರಿನ ವರದಿಗಾರರಿಗೂ ನಾವು ದಿನಾ ಹೇಳುವುದು ಇದನ್ನೇ.

ಅಕ್ಷರ ಕೂರಿಸಲು ಶುರುಮಾಡಿದಾಗ ಹೊಸ ಗೋಳು. ಫೋಟೊಶಾಪಿನಲ್ಲಿ 'ಬಣ್ಣ' ಅಂತ ಟೈಪ್ ಮಾಡಿದರೆ ಬ, ಣ, ಒಂದು ಒಡೆದ ಗುರುತು, ಇನ್ನೊಂದು ಣ ಅಂತ ಬಿಡಿಬಿಡಿಯಾಗಿ ಬರುತ್ತಿತ್ತು. ಫೋನು, ನೆಟ್‌ನಲ್ಲೆಲ್ಲ ಬಳಸುವ ಯೂನಿಕೋಡ್ ಕನ್ನಡವನ್ನು ಫೋಟೊಶಾಪಿಗೆ ಹಾಕಿದ ಎಲ್ಲರೂ ಒಮ್ಮೆಯಾದರೂ ಈ ದೃಶ್ಯ ನೋಡಿರುತ್ತಾರೆ. ಒತ್ತು ಕೂಡಿಸುವುದು ಹೇಗೆ ಅಂತ ಸಾಫ್ಟ್‌ವೇರಿಗೆ ಹೇಳಬೇಕು. ಸ್ವಲ್ಪ ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್ ಒಳಗೆ ಟೈಪ್ ಅನ್ನುವಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿಕೊಂಡರೆ ಸರಿಹೋಗುತ್ತದೆ. ಇಂಕ್‌ಸ್ಕೇಪಿನಂಥ ಉಚಿತ ಸಾಫ್ಟ್‌ವೇರಿನಲ್ಲಿ ಈ ರಗಳೆಯೇ ಇಲ್ಲ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ನಮ್ಮ ಡಿಟಿಪಿಯವರು ಇಷ್ಟು ವರ್ಷ ನುಡಿ, ಶ್ರೀಲಿಪಿ ಹಿಡಿದುಕೊಂಡು ಕೂತಿದ್ದಕ್ಕೆ ಕಾರಣವೂ ಇದೇ. ಆ ಹಳೆಯ ಫಾಂಟುಗಳಲ್ಲಿ ಒತ್ತು ಅನ್ನುವುದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತ ಒಂದು ಚಿತ್ರ ಅಷ್ಟೇ. ಸಾಫ್ಟ್‌ವೇರಿಗೆ ಕನ್ನಡ ಬರದಿದ್ದರೂ ನಡೆಯುತ್ತದೆ.

ಆದರೆ ವಿದ್ಯಾರ್ಥಿಗಳು ಆ ದಾರಿ ಹಿಡಿಯುವುದು ಬೇಡ ಅಂತ ನನ್ನ ಅಭಿಪ್ರಾಯ. ಈಗ ಒಳ್ಳೆಯ ಯೂನಿಕೋಡ್ ಫಾಂಟುಗಳು ಸುಮ್ನೆ ಸಿಗುತ್ತವೆ. ಮುಂಬೈನಲ್ಲಿ ಫಾಂಟ್ ಮಾಡುವ ಏಕ್ ಟೈಪ್‌ನವರ ಬಾಲೂ ತಮ್ಮ ಇದೆ, ದಪ್ಪಗೆ, ತಮಾಷೆಯ ಸಿನಿಮಾಗೆ ಹೇಳಿ ಮಾಡಿಸಿದ ಹಾಗಿದೆ. ಅವರದೇ ಅನೇಕ್ ಕನ್ನಡ ಇದೆ. ಅದರಲ್ಲಿ ತೀರ ತೆಳುವಿನಿಂದ ತೀರ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಬೇಕಾದ ಹಾಗೆ ಹಿಗ್ಗಿಸಬಹುದು. ಇವರು ಹೆಸರಿಗೆ ಅನೇಕ್‌ನ ಅಗಲ ದಪ್ಪ ರೂಪ ತಗೊಂಡರು, ಕವರ್‌ಲೈನಿಗೆ ಅದರದೇ ಇಕ್ಕಟ್ಟಿನ ರೂಪ.

ಹುಡುಗಿ ಎಡಕ್ಕೆ ಬಂದ ಮೇಲೆ ಕವರ್‌ಲೈನ್‌ಗಳು ಬಲಕ್ಕೆ ಬಂದವು. ಇಂಗ್ಲಿಷಿನಲ್ಲಿ ಒಂದು ಸಾಲು ಪೂರ್ತಿ ಕ್ಯಾಪಿಟಲ್, ಕೆಳಗಿನದು ಸಣ್ಣಕ್ಷರ, ನಡುವೆ ಒಂದು ಪದ ಇಟಾಲಿಕ್ ಅಂತ ಮಾಡಿದರೆ ಯಾವುದು ಮುಖ್ಯ ಅಂತ ತಾನೇ ಗೊತ್ತಾಗುತ್ತದೆ. ನಮಗೆ ದೊಡ್ಡಕ್ಷರ, ಸಣ್ಣಕ್ಷರ ಅನ್ನುವುದಿಲ್ಲ. ಇಟಾಲಿಕ್ ಅಂತ ಓರೆ ಮಾಡಿದರೆ ಕನ್ನಡ ಅಕ್ಷರ ಬೀಳುವ ಹಾಗೆ ಕಾಣುತ್ತದೆ. ನಮ್ಮ ಕೈಯಲ್ಲಿರುವುದು ಗಾತ್ರ, ದಪ್ಪ, ಬಣ್ಣ ಮೂರೇ. ಹಾಗಾಗಿ ಮಾತು ಕಡಿಮೆ ಇರಬೇಕು. ಅವಳು ಎಂಟು ಕವರ್‌ಲೈನ್ ಬರೆದಿದ್ದಳು. ನಾಲ್ಕಕ್ಕೆ ಇಳಿಸಿದೆವು. ಇಂಗ್ಲಿಷಿನ ಲೆಕ್ಕದಲ್ಲಿ ಸಾಫ್ಟ್‌ವೇರ್ ತಾನಾಗಿ ಕೊಡುವ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. 'ಹೊಸಬರ ಸ್ವಪ್ನ' ಅನ್ನುವುದರ ಕೆಳಗೆ 'ಹಳಬರ ಚಿಂತೆ' ಅಂತ ಬಂದಿತ್ತು. ಸ್ವಪ್ನದ ನಕಾರದ ಒತ್ತು ಸೀದಾ ಚಿಂತೆಯ ನೆತ್ತಿಗೆ ಕುಕ್ಕಿತ್ತು. ಅಂತರ ಹೆಚ್ಚಿಸಿದರೆ ಎರಡು ಸಾಲು ಒಂದೇ ಮಾತು ಅಂತ ಅನ್ನಿಸುವುದಿಲ್ಲ. ಇಂಥ ಕಡೆ ನಾವು ಮಾಡುವುದು ಪದ ಬದಲಾಯಿಸುವುದು. ಸ್ವಪ್ನ ತೆಗೆದು 'ಕನಸು' ಹಾಕಿದೆವು. ಒತ್ತಿಲ್ಲ, ಜಗಳ ಇಲ್ಲ. ಕನ್ನಡ ಶೀರ್ಷಿಕೆಗಳಲ್ಲಿ ಎಷ್ಟೋ ಪದ ಬಂದು ಕೂರುವುದು ಅರ್ಥದ ಜೊತೆಗೆ ಈ ಕಾರಣಕ್ಕೂ ಅಂತ ಓದುಗರಿಗೆ ಗೊತ್ತಿರುವುದಿಲ್ಲ.

ಭಾಷೆಯ ಮೇಲೂ ಸ್ವಲ್ಪ ಜಟಾಪಟಿ ಆಯಿತು. ಅವಳ ಮುಖ್ಯ ಕವರ್‌ಲೈನ್ ಇಂಗ್ಲಿಷಿನಿಂದ ಇಳಿಸಿದ ಹಾಗಿತ್ತು, 'ವರ್ಷದ ಅತ್ಯಂತ ನಿರೀಕ್ಷಿತ ಚಿತ್ರದ ಒಳಗೆ' ಅಂತ. ಇದನ್ನು ಯಾರಾದರೂ ಬಾಯಲ್ಲಿ ಹೇಳುತ್ತಾರಾ ಅಂತ ಕೇಳಿದೆ. ಸುಮ್ಮನಾದಳು. ಕೊನೆಗೆ ಬಂದದ್ದು 'ಈ ಕಾಗದ ಯಾರಿಗೆ?' ಅಂತ ದೊಡ್ಡದಾಗಿ, ಕೆಳಗೆ ಚಿಕ್ಕದಾಗಿ ಸಿನಿಮಾದ ಹೆಸರು, ನಟಿಯ ಮಾತು ಇಷ್ಟನೇ ಪುಟದಲ್ಲಿ ಅಂತ. ಇನ್ನೊಂದು ಸಾಲಿಗೆ ನಮ್ಮ ಸಿನಿಮಾ ಪತ್ರಿಕೆಗಳ ಹಳೆಯ ಚಟದಂತೆ ಮೂರು ಚುಕ್ಕಿ ಹಾಕಿ ಮೇಲೊಂದು ಆಶ್ಚರ್ಯಸೂಚಕ ಇಟ್ಟಿದ್ದಳು. ತೆಗಿ ಕಣೇ ಅಂದರೆ, "ಸಿನಿಮಾ ಪತ್ರಿಕೆ ಅಲ್ವಾ ಚಿಕ್ಕಮ್ಮ, ಒಂದಾದ್ರೂ ಇರ್ಲಿ." ಇರಲಿ ಬಿಡು ಅಂದೆ. ಆ ಚುಕ್ಕಿ ಇಲ್ಲದೆ ನಮ್ಮಲ್ಲಿ ಗಾಸಿಪ್ ಹುಟ್ಟುವುದಿಲ್ಲ.

ಬಣ್ಣದ ಆಯ್ಕೆ ಸುಲಭವಾಗಿತ್ತು. ಫೋಟೊದಲ್ಲಿ ಖಾಕಿ, ಹಿಂದೆ ಬೂದು ಗೋಡೆ. ಅಂಚೆಡಬ್ಬಿಯ ಕೆಂಪು ಹೆಸರಿಗೆ ತಗೊಂಡರೆ ಕಥೆಗೂ ಒಪ್ಪುತ್ತದೆ, ದೂರಕ್ಕೂ ಕಾಣುತ್ತದೆ. ಸ್ಕ್ರೀನಿನ ಮೇಲೆ ಉರಿಯುವ ಆ ಕೆಂಪು ಪ್ರಿಂಟಿನಲ್ಲಿ ಹಾಗೆ ಬರುವುದಿಲ್ಲ. ಸ್ಕ್ರೀನಿನಲ್ಲಿ ಬೆಳಕಿನ ಬಣ್ಣ, ಕಾಗದದ ಮೇಲೆ ಇಂಕಿನ ಬಣ್ಣ. ನಾಲ್ಕು ಇಂಕಿನ ಲೆಕ್ಕಕ್ಕೆ, ಅಂದರೆ ಸಿಎಂವೈಕೆಗೆ ಬದಲಾಯಿಸಿ ಮೊದಲೇ ನೋಡಿಕೊಂಡರೆ ಕೊನೆಗೆ ಮುಖ ಸಪ್ಪೆಯಾಗುವುದಿಲ್ಲ. ಸಣ್ಣ ಅಕ್ಷರಗಳನ್ನು ಕಡುಬಣ್ಣದ ಮೇಲೆ ಬಿಳಿಯಾಗಿ ಹಾಕುವುದು ಬೇಡ ಅಂತಲೂ ಹೇಳಿದೆ. ಸುತ್ತಲಿನ ಇಂಕು ಹರಡಿದರೆ ಅಕ್ಷರದ ತೆಳು ಗೆರೆಗಳು ಮುಚ್ಚಿಹೋಗುತ್ತವೆ.

ಬಾರ್‌ಕೋಡಿಗೆ ಬರೋಣ. ಪಟ್ಟಿಯಲ್ಲಿದೆ ಅಂತ ನೆಟ್‌ನಿಂದ ಯಾವುದೋ ಒಂದನ್ನು ತಂದು ಅಂಟಿಸಿದ್ದರು. ಅದರ ಕೆಳಗಿನ ಅಂಕಿ ನೋಡಿದರೆ 978ರಿಂದ ಶುರು. 978 ಅಂದರೆ ಪುಸ್ತಕ. ಪತ್ರಿಕೆಗಳಿಗೆ ಐಎಸ್‌ಎಸ್‌ಎನ್ ಅನ್ನುವ ಎಂಟಂಕಿಯ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಬಾರ್‌ಕೋಡ್ ಮಾಡಿದಾಗ 977ರಿಂದ ಶುರುವಾಗುತ್ತದೆ. ಅಂದರೆ ಇವರ ಪತ್ರಿಕೆಯ ಮೇಲೆ ಯಾರದೋ ಪುಸ್ತಕದ ನಂಬರ್ ಕೂತಿತ್ತು. ಅಷ್ಟಕ್ಕೂ ನಮ್ಮ ಬಸ್‌ಸ್ಟ್ಯಾಂಡಿನ ಅಂಗಡಿಯವರು ಸ್ಕ್ಯಾನ್ ಮಾಡಿ ಕೊಡುತ್ತಾರಾ? ಬೆಲೆ ನೋಡಿ ಚಿಲ್ಲರೆ ಎಣಿಸುತ್ತಾರೆ. ಅದನ್ನು ತೆಗೆದು ಆ ಜಾಗಕ್ಕೆ ತಿಂಗಳು, ಬೆಲೆ ಹಾಕಿ ಅಂದೆ. ಮೇಡಮ್ಮಿಗೆ ಯಾಕೆ ತೆಗೆದೆವು ಅಂತ ಒಂದು ಸಾಲು ಬರೆದುಕೊಡಿ ಅಂತಲೂ ಅಂದೆ. ಬರೆದುಕೊಟ್ಟರಂತೆ.

ಪ್ರಿಂಟ್ ಅಂಗಡಿಯ ಅಣ್ಣ ಕೇಳಿದ ಮೊದಲ ಪ್ರಶ್ನೆ, "ಬ್ಲೀಡ್ ಇಟ್ಟಿದ್ದೀರಾ?" ಅಂತ. ಸುತ್ತ 3 ಮಿ.ಮೀ. ಹೆಚ್ಚಿಗೆ ಚಿತ್ರ ಇರಬೇಕು, ಅಂದರೆ ಫೈಲು 216 ಅಡ್ಡ, 303 ಉದ್ದ. ಕಟಿಂಗ್ ಮಷಿನ್ ಕೂದಲೆಳೆ ಆಚೀಚೆ ಆದರೂ ಬಿಳಿ ಅಂಚು ಕಾಣದಿರಲಿ ಅಂತ. ಇಟ್ಟಿದ್ದರು. ಆದರೆ 'ಬಣ್ಣ'ದ ಒತ್ತನ್ನು ಬಲಗಡೆಯ ಅಂಚಿಗೆ ತೀರ ಹತ್ತಿರ ಕೂರಿಸಿದ್ದರು, ಕತ್ತರಿಸಿದಾಗ ಅದರ ತುದಿ ಹೋಗುವುದರಲ್ಲಿತ್ತು. ಆ ಅಣ್ಣನೇ ಸ್ಕ್ರೀನಿನಲ್ಲಿ ಬೆರಳಿಟ್ಟು ತೋರಿಸಿ, ಹೆಸರನ್ನು ಸ್ವಲ್ಪ ಎಡಕ್ಕೆ ತಳ್ಳಿಸಿದ. ಕೂದಲಿನ ಅಂಚು ಬಕಾರದ ಬಲಗಾಲಿಗೆ ತಾಗಿತು, ಒತ್ತು ಕಿವಿಯ ಪಕ್ಕದ ಖಾಲಿ ಗೋಡೆಯ ಮೇಲೆ ಬಿಡಿಯಾಗಿ ನಿಂತಿತು. ಮೊದಲಿಗಿಂತ ಅದೇ ಚೆನ್ನಾಗಿ ಕಂಡಿತು.

ಇಷ್ಟೆಲ್ಲ ಆದಮೇಲೆ ಅವಳಿಗೊಂದು ಅನುಮಾನ ಬಂತು. ಅವಳು ಲಿಟಲ್ ವೈಟ್ ಲೈಸ್ ಅನ್ನುವ ಬ್ರಿಟಿಷ್ ಪತ್ರಿಕೆ ನೋಡಿದ್ದಳು. 2005ರಿಂದ ಬರುತ್ತಿರುವ ಅದರ ಮುಖಪುಟದಲ್ಲಿ ಹೆಚ್ಚಾಗಿ ಒಂದು ಬಿಡಿಸಿದ ಮುಖ ಇರುತ್ತದೆ, ಕವರ್‌ಲೈನುಗಳ ಗಲಾಟೆ ಇಲ್ಲ. ಎಂಪೈರ್ ಕೂಡ ಚಂದಾದಾರರಿಗೆ ಕಳಿಸುವ ಪ್ರತಿಗೆ ಕವರ್‌ಲೈನ್ ಇಲ್ಲದ ಬೇರೆ ಕವರ್ ಹಾಕುತ್ತದೆ. "ಅದೇ ಎಷ್ಟು ಚೆನ್ನಾಗಿದೆ, ನಾವ್ಯಾಕೆ ಇಷ್ಟೊಂದು ಬರೀಬೇಕು?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಚಂದಾದಾರ ಆಗಲೇ ದುಡ್ಡು ಕೊಟ್ಟಾಗಿದೆ, ಅವನನ್ನು ಕೂಗಿ ಕರೆಯಬೇಕಿಲ್ಲ. ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತ ನಿಂತವನನ್ನು ಕರೆಯಬೇಕು. ಇವರ ಪತ್ರಿಕೆ ಯಾರಿಗೆ ಅನ್ನುವುದನ್ನು ಇವರೇ ತೀರ್ಮಾನಿಸಬೇಕಲ್ವಾ ಅಂದೆ. ಬಸ್‌ಸ್ಟ್ಯಾಂಡಿಗೇ ಅಂತ ತಂಡ ತೀರ್ಮಾನಿಸಿತು.

ಆದರೆ ನಿಜಕ್ಕೂ ಅದು ಹೋಗಿದ್ದು ವಾಟ್ಸಾಪ್ ಸ್ಟೇಟಸಿಗೆ. ಅಗಲದ ಲೆಕ್ಕದಲ್ಲಿ ಫೋನಿನ ಸ್ಕ್ರೀನು ಎ4ಗಿಂತ ಉದ್ದ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಂತು. ತುಂಬುವ ಹಾಗೆ ಹಿಗ್ಗಿಸಿದರೆ ಸ್ಟೇಟಸ್ ಹಾಕಿದವರ ಹೆಸರು, ಫೋಟೊ ಬಂದು ನೇರವಾಗಿ ಪತ್ರಿಕೆಯ ಹೆಸರಿನ ಮೇಲೆ ಕೂತಿತು. ಅವಳು ರಾತ್ರಿ ಕೂತು ಫೋನಿಗೇ ಒಂದು ಬೇರೆ ಕವರ್ ಮಾಡಿದಳು. ಹೆಸರು ಕೆಳಗಿಳಿಸಿ, ಕವರ್‌ಲೈನೆಲ್ಲ ತೆಗೆದು, 'ಈ ಕಾಗದ ಯಾರಿಗೆ?' ಒಂದನ್ನೇ ಉಳಿಸಿ. ಜನ ಜಾಸ್ತಿ ಮೆಚ್ಚಿದ್ದು ಅದನ್ನೇ ಅಂತ ಈಗಲೂ ವಾದ ಮಾಡುತ್ತಾಳೆ. ಅಂಕ ಬಂದಿದ್ದು ಮಾತ್ರ ಕಾಗದದ ಮೇಲಿನದಕ್ಕೆ. ಅದರಲ್ಲೂ ಬಾರ್‌ಕೋಡಿನ ಚೌಕಕ್ಕೆ ಮೇಡಮ್ ಟಿಕ್ ಹಾಕದೆ ಬಿಟ್ಟಿದ್ದಾರೆ. ಅರ್ಧ ಅಂಕಕ್ಕಾಗಿ ಹೋಗಿ ಕೇಳುತ್ತೇನೆ ಅಂತ ಅವಳು ಓಡಾಡುತ್ತಿದ್ದಾಳೆ.